ಶಿಹಾಲಿಯನ್ ಬೆಟ್ಟ, ಮೋಡದೊಳಗೆ

"ಮೇಲೆ ಯಾವ ದೇವಸ್ಥಾನ ಇದೆ?" ಸ್ಕಾಟ್ಲೆಂಡಿನಲ್ಲಿ ಶಿಹಾಲಿಯನ್ ಅನ್ನೋ ಬೆಟ್ಟ ಹತ್ತಿ ಬಂದೆ ಅಂದ ಕೂಡಲೇ ಅಮ್ಮ ಫೋನಿನಲ್ಲಿ ಕೇಳಿದ್ದು ಇದನ್ನೇ. ನಮ್ಮ ಕಡೆ ಬೆಟ್ಟ ಅಂದ್ಮೇಲೆ ತುದಿಯಲ್ಲಿ ಒಂದು ಗುಡಿಯಾದರೂ ಇರುತ್ತೆ, ಅಲ್ವಾ? ಇಲ್ಲಮ್ಮ, ಬರೀ ಕಲ್ಲು ಅಂದೆ. ಮತ್ತೆ ಅಷ್ಟೊಂದು ಕಷ್ಟಪಟ್ಟು ಯಾಕೆ ಹೋದಿರಿ ಅಂದಳು. ಅವಳಿಗೆ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗಸ್ಟ್ ಕೊನೆಯ ಶನಿವಾರ. ನಾನು ಎಡಿನ್‌ಬರೋದಿಂದ ಬೆಳಗಿನ ರೈಲು ಹಿಡಿದು ಪರ್ತ್‌ಗೆ ಹೋದೆ. ಅಲ್ಲಿ ನನ್ನ ಗೆಳತಿ ಕಾರು ತಂದು ಕಾಯುತ್ತಿದ್ದಳು. ಅವಳು ಶಿರಸಿ ಕಡೆಯವಳು, ನಾನು ದಾವಣಗೆರೆಯವಳು. ಅವಳಿಗೆ ಬೆಟ್ಟ, ಮಳೆ, ಜಾರುವ ದಾರಿ ಎಲ್ಲಾ ಚಿಕ್ಕಂದಿನಿಂದ ಗೊತ್ತು. ಬಯಲಿನಲ್ಲಿ ಬೆಳೆದ ನನಗೆ ಇದೆಲ್ಲ ಹೊಸದು. ಅಬರ್‌ಫೆಲ್ಡಿ ಊರು ದಾಟಿ, ಕಿರಿದಾದ ರಸ್ತೆಯಲ್ಲಿ ಬ್ರೇಸ್ ಆಫ್ ಫಾಸ್ ಎಂಬಲ್ಲಿಗೆ ಬಂದೆವು. ಕಾರಿನಿಂದ ಇಳಿದದ್ದೇ ತಡ, ಮಿಡ್ಜ್ ಅನ್ನುವ ನುಸಿ ಮುಖಕ್ಕೆ ಮುತ್ತಿಕೊಂಡಿತು. ಗಾಳಿ ಇಲ್ಲದಿದ್ದರೆ ಇವುಗಳ ಕಾಟ ತುಂಬಾ ಜಾಸ್ತಿ. ಬೇಗ ಬೇಗ ಬೂಟು ಕಟ್ಟಿ ಹೊರಟೆವು.

ಶಿಹಾಲಿಯನ್ 1083 ಮೀಟರ್ ಎತ್ತರ. ಸ್ಕಾಟ್ಲೆಂಡಿನಲ್ಲಿ 3000 ಅಡಿ ದಾಟಿದ ಬೆಟ್ಟಗಳಿಗೆ ಮನ್ರೋ ಅನ್ನುತ್ತಾರೆ. 1891ರಲ್ಲಿ ಅವುಗಳ ಪಟ್ಟಿ ಮಾಡಿದ ಹ್ಯೂ ಮನ್ರೋ ಅವರ ಹೆಸರೇ ಉಳಿದುಬಿಟ್ಟಿದೆ. ಈಗ ಆ ಪಟ್ಟಿಯಲ್ಲಿ 282 ಇವೆ. ಗೆಳತಿಗೆ ಇದು ಹದಿನೇಳನೆಯದು, ನನಗೆ ಮೊದಲನೆಯದು.

ಕೆಳಗಿನ ದಾರಿ ಚೆನ್ನಾಗಿದೆ. ಮೊದಲು ನಡೆದವರ ಕಾಲಿಗೆ ಸಿಕ್ಕಿ ಬೆಟ್ಟದ ಮೈಮೇಲೆ ದೊಡ್ಡ ಗಾಯದ ಹಾಗೆ ಕೊರೆದುಹೋಗಿತ್ತಂತೆ. 1999ರಲ್ಲಿ ಜಾನ್ ಮ್ಯೂರ್ ಟ್ರಸ್ಟ್ ಎಂಬ ಪರಿಸರ ಕಾಯುವ ಸಂಸ್ಥೆ ಬೆಟ್ಟದ ಪೂರ್ವಭಾಗ ಕೊಂಡು ಹೊಸ ದಾರಿ ಮಾಡಿಸಿತು. ಎರಡೂ ಕಡೆ ಹೆದರ್ ಗಿಡಗಳು ನೇರಳೆ ಹೂ ಬಿಟ್ಟಿದ್ದವು. ನಡುನಡುವೆ ಬ್ಲೇಬೆರಿ, ಕಪ್ಪುನೀಲಿ ಪುಟ್ಟ ಹಣ್ಣು. ಕಿತ್ತು ತಿಂದರೆ ಬೆರಳೆಲ್ಲ ಬಣ್ಣ. "ನಮ್ಮೂರಿನ ಕವಳಿ ಹಣ್ಣಿನ ನೆನಪಾಯ್ತು ಕಣೇ" ಅಂದಳು.

ದಾರಿಯುದ್ದಕ್ಕೂ ಅವಳು ಈ ಬೆಟ್ಟದ ಕತೆ ಹೇಳಿದಳು. ಗೋಡೆ ನೆಟ್ಟಗಿದೆಯಾ ನೋಡಲು ಗಾರೆಯವರು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಅದು ದೊಡ್ಡ ಬೆಟ್ಟದ ಪಕ್ಕದಲ್ಲಿ, ಬೆಟ್ಟದ ಸೆಳೆತಕ್ಕೆ, ಚೂರೇ ಚೂರು ಅದರ ಕಡೆಗೆ ವಾಲುತ್ತದೆ. ಎಷ್ಟು ವಾಲುತ್ತದೆ, ಬೆಟ್ಟ ಎಷ್ಟು ದೊಡ್ಡದು ಅಂತ ಅಳೆದರೆ ಭೂಮಿಯ ತೂಕ ಲೆಕ್ಕ ಹಾಕಬಹುದು. ಅದಕ್ಕೆ ಒಂಟಿಯಾಗಿ ನಿಂತ, ಎರಡೂ ಕಡೆ ಒಂದೇ ಥರ ಇರುವ ಬೆಟ್ಟ ಬೇಕಿತ್ತು. 1774ರಲ್ಲಿ ನೆವಿಲ್ ಮ್ಯಾಸ್ಕಲಿನ್ ಎಂಬ ಖಗೋಳ ವಿಜ್ಞಾನಿ ಇಲ್ಲಿಗೆ ಬಂದು, ಮಳೆ ಮೋಡದ ನಡುವೆ ತಿಂಗಳುಗಟ್ಟಲೆ ಕಾದು, ನಕ್ಷತ್ರ ನೋಡಿ ಅಳತೆ ತೆಗೆದ. ಲೆಕ್ಕ ಮಾಡಿದವನು ಚಾರ್ಲ್ಸ್ ಹಟನ್. ಭೂಮಿ ನೀರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಸಾಂದ್ರ ಅಂತ ಬಂತು. ಈಗ ಗೊತ್ತಿರುವುದು ಐದೂವರೆ ಪಟ್ಟು. ಒಂದು ದಾರ, ಒಂದು ಗುಂಡು, ಒಂದು ಬೆಟ್ಟ ಇಟ್ಟುಕೊಂಡು ಅಷ್ಟು ಹತ್ತಿರ ಹೋಗಿದ್ದರು!

ಹಟನ್ ಮುಂದೆ ಬೆಟ್ಟದ ತುಂಬಾ ಅಳೆದ ಎತ್ತರಗಳ ರಾಶಿಯೇ ಇತ್ತು. ಬರೀ ಅಂಕಿ ನೋಡಿದರೆ ಬೆಟ್ಟದ ಆಕಾರ ಹೊಳೆಯುತ್ತಿರಲಿಲ್ಲ. ಅದಕ್ಕೆ ಒಂದೇ ಎತ್ತರದ ಜಾಗಗಳನ್ನೆಲ್ಲ ಗೆರೆ ಎಳೆದು ಸೇರಿಸಿದ. ನಾವು ಶಾಲೆಯಲ್ಲಿ ಓದಿದ ಕಾಂಟೂರ್ ಗೆರೆ ಇದೇ. ನೆಲದ ಎತ್ತರ ತೋರಿಸಲು ಅದನ್ನು ಮೊದಮೊದಲು ಬಳಸಿದವರಲ್ಲಿ ಅವನೂ ಒಬ್ಬ.

ಆ ಕತೆ ಮಧ್ಯಾಹ್ನದ ಹೊತ್ತಿಗೆ ನಮಗೇ ಬೇಕಾಯಿತು.

ಏಣು, ಅಂದರೆ ಬೆಟ್ಟದ ಬೆನ್ನು, ತಲುಪುತ್ತಿದ್ದಂತೆ ಮಣ್ಣಿನ ದಾರಿ ಮುಗಿದು ಕಲ್ಲಿನ ರಾಶಿ ಶುರುವಾಯಿತು. ಬೂದು ಬಿಳಿ ಬಣ್ಣದ ಕ್ವಾರ್ಟ್ಸೈಟ್ ಬಂಡೆಗಳು. ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತವೆ. ಕೆಲವು ಕಾಲಿಟ್ಟ ಕೂಡಲೇ ಅಲ್ಲಾಡುತ್ತವೆ. ನಾಯಿ ಜೊತೆ ಇಳಿದು ಬರುತ್ತಿದ್ದ ಅಜ್ಜ ಒಬ್ಬರು "ಮೇಲೆ ಮೋಡ ಕೂತಿದೆ, ಹುಷಾರು" ಅಂದು ಹೋದರು. ಹತ್ತೇ ನಿಮಿಷ, ನಾವೂ ಅದರೊಳಗಿದ್ದೆವು. ಮುಂದಿನ ಹತ್ತು ಹೆಜ್ಜೆ ಕಾಣದು. ಇದೇ ತುದಿ ಅಂದುಕೊಂಡು ಹತ್ತಿದರೆ ಅದರಾಚೆ ಇನ್ನೊಂದು ದಿಬ್ಬ. ನನ್ನ ಫೋನು ಒದ್ದೆ ಬೆರಳಿಗೆ ಸ್ಪಂದಿಸಲೇ ಇಲ್ಲ.

"ನಿಲ್ಲು ಮಾರಾಯ್ತಿ" ಅಂದಳು. "ನಿನ್ನ ಎಡಗಾಲು ನೋಡು."

ನೋಡಿದೆ. ಪ್ರತಿ ಹೆಜ್ಜೆಗೂ ಎಡಗಾಲು ಬಲಗಾಲಿಗಿಂತ ಕೆಳಗೆ ಬೀಳುತ್ತಿತ್ತು. ಅವಳು ಕಾಗದದ ನಕ್ಷೆ ಬಿಡಿಸಿ ಮಂಡಿಯ ಮೇಲೆ ಹಾಸಿದಳು. ಏಣಿನ ಮೇಲೆ ಗೆರೆಗಳು ದೂರ ದೂರ, ಅಂದರೆ ಹದವಾದ ಏರು. ಎಡಕ್ಕೆ, ದಕ್ಷಿಣದ ಕಡೆ, ಬಾಚಣಿಗೆ ಹಲ್ಲಿನ ಹಾಗೆ ಒತ್ತೊತ್ತಾಗಿ. ಒಂದೊಂದು ಗೆರೆಗೂ ಹತ್ತು ಮೀಟರ್ ಇಳಿಜಾರು. ನಾವು ಆ ಬಾಚಣಿಗೆಯ ಅಂಚಿನಲ್ಲಿ ನಿಂತಿದ್ದೆವು.

ನನಗೆ ಎದೆ ಡವಡವ. ಅವಳು ಮಾತ್ರ ಅವಸರ ಮಾಡಲಿಲ್ಲ. ದಿಕ್ಸೂಚಿ ಇಟ್ಟು ನೋಡಿ, ಬಲಕ್ಕೆ ನೇರ ಮೇಲಕ್ಕೆ ಹತ್ತಿಸಿದಳು. ಎರಡೂ ಕಾಲು ಒಂದೇ ಮಟ್ಟಕ್ಕೆ ಬರುವ ತನಕ ಎಲ್ಲೂ ನಿಲ್ಲಲಿಲ್ಲ. ಸುಮಾರು ಇಪ್ಪತ್ತು ನಿಮಿಷ. ಆಮೇಲೆ ಏಣಿನ ಮೇಲೆಯೇ ಹೋಗಿ ತುದಿ ಮುಟ್ಟಿದೆವು.

ತುದಿಯಲ್ಲಿ ಏನೂ ಕಾಣಲಿಲ್ಲ. ಬಂಡೆಯ ಮರೆಯಲ್ಲಿ ಕೂತು ಶುಂಠಿ ಚಹಾ ಕುಡಿದೆವು. ನಾನು ತಂದಿದ್ದ ಖಾರ ಮಂಡಕ್ಕಿ ಡಬ್ಬಿ ತೆಗೆದ ಎರಡೇ ನಿಮಿಷಕ್ಕೆ ಮೆತ್ತಗಾಯಿತು. ಹಾಗೇ ತಿಂದೆವು. ಅಷ್ಟು ರುಚಿಯಾದ ಮಂಡಕ್ಕಿ ನಾನು ಊರಲ್ಲೂ ತಿಂದಿಲ್ಲ.

ಇಳಿಯುವಾಗ ಗಾಳಿ ಎದ್ದು ಮೋಡ ಹರಿಯಿತು. ದೂರದಲ್ಲಿ ಟಮಲ್ ಸರೋವರ ಹೊಳೆಯಿತು. ನಾವು ಹೋಗುತ್ತಿದ್ದ ಎಡಪಕ್ಕವೂ ಕಾಣಿಸಿತು. ಕಲ್ಲು, ಕಲ್ಲಿನ ಕೆಳಗೆ ಮತ್ತೆ ಕಲ್ಲು, ಕಣಿವೆಯ ಕಡೆಗೆ. ಇಬ್ಬರೂ ಮಾತಾಡಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ.

ನಕ್ಷೆಯನ್ನು ಅವಳು ನನಗೇ ಕೊಟ್ಟಿದ್ದಾಳೆ. ಈಗ ಅಡುಗೆಮನೆಯ ಕುರ್ಚಿಯ ಮೇಲೆ ಒಣಗುತ್ತಿದೆ. ನಾವು ನಿಂತ ಜಾಗಕ್ಕೆ, ಗೆರೆಗಳು ಒತ್ತಾಗುವ ಅಂಚಿಗೆ, ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಸುತ್ತು ಹಾಕಿದ್ದಾಳೆ. ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದ್ದಾಳೆ: "ಎಡಗಾಲು".