ನಮ್ಮ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳ್ತೀರಾ?

ಇಲ್ಲ, ಹೇಳಲ್ಲ.

ಆಪ್ತಸಮಾಲೋಚನೆ ಮಾಡುವವರು ಅಂತ ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯಿಂದಲೇ ಈ ಮಾತು ಬರುತ್ತದೆ. ‘ನೀವು ಕೌನ್ಸೆಲಿಂಗ್ ಮಾಡ್ತೀರಂತಲ್ಲ ಮೇಡಂ, ನಮ್ಮ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳ್ತೀರಾ?’ ಹುಡುಗನ ಜಾಗದಲ್ಲಿ ಒಮ್ಮೊಮ್ಮೆ ಸೊಸೆ ಇರುತ್ತಾಳೆ, ಒಮ್ಮೊಮ್ಮೆ ಕುಡಿಯುವ ಭಾವಮೈದ. ‘ಸ್ವಲ್ಪ’ ಮಾತ್ರ ಬದಲಾಗುವುದಿಲ್ಲ, ಸಾರಿಗೆ ಉಪ್ಪು ಹಾಕುವ ಅಳತೆಯ ಹಾಗೆ. ಬಾಯಲ್ಲಿ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ ಪದದ ಜಗಳ ಮುಗಿಸೋಣ. ಹಳೇ ಮೈಸೂರು ಕಡೆ ಧಣಿಗಳನ್ನು ‘ಬುದ್ಧೀ’ ಎಂದೇ ಕರೆಯುತ್ತಿದ್ದರು. ‘ಆಗ್ಲಿ ಬುದ್ಧಿ’ ಅನ್ನುವುದು ಕೈಕಟ್ಟಿ ನಿಂತವನ ಒಪ್ಪಿಗೆ. ಬುದ್ಧಿ ಹೇಳುವುದರಲ್ಲಿ ಆ ವಾಸನೆ ಇನ್ನೂ ಹೋಗಿಲ್ಲ: ಹೇಳುವವರು ಜಗಲಿಯ ಮೇಲೆ, ಕೇಳುವವನು ಅಂಗಳದಲ್ಲಿ. ನಮ್ಮ ಕೆಲಸಕ್ಕೆ ಕನ್ನಡದಲ್ಲಿರುವ ಹೆಸರೇನೋ ಆಪ್ತಸಮಾಲೋಚನೆ. ಸಮಾಲೋಚನೆ ಅಂದರೆ ಕೂಡಿ ಯೋಚಿಸುವುದು. ಹೇಳುವ ಮಾತೇ ಅದರಲ್ಲಿಲ್ಲ. ‘ಆಪ್ತ’ದ ಬಗ್ಗೆ ನನ್ನದು ಬೇರೆ ತಕರಾರಿದೆ, ಅದು ಆಮೇಲೆ.

ನಿಮ್ಮ ಹುಡುಗನಿಗೆ ಬುದ್ಧಿ ಈಗಾಗಲೇ ಧಾರಾಳ ಸಿಕ್ಕಿದೆ. ಮೊಬೈಲ್ ಬಿಡು, ಬೇಗ ಏಳು, ಸಿಇಟಿ ಹತ್ತಿರ ಬಂತು ಎಂದು ನೀವು ಹೇಳಿದ್ದೀರಿ, ಟ್ಯೂಷನ್ ಮೇಷ್ಟ್ರು ಹೇಳಿದ್ದಾರೆ, ಊರಿಂದ ಬಂದ ದೊಡ್ಡಪ್ಪ ಕಾಫಿ ಲೋಟ ಕೆಳಗಿಡುವ ಮೊದಲೇ ಹೇಳಿದ್ದಾರೆ. ಅದೇ ಮಾತನ್ನು ಫೀಸು ತೆಗೆದುಕೊಂಡು ಇನ್ನೊಬ್ಬರು ಹೇಳಿದರೆ, ದೊಡ್ಡವರೆಲ್ಲ ಒಂದೇ ಕಡೆ ಎಂಬ ಅವನ ಗುಮಾನಿಗೆ ರಸೀದಿ ಸಿಕ್ಕಂತಾಗುತ್ತದೆ.

ಬುದ್ಧಿಮಾತು ಬರೀ ದಂಡವಾಗಿದ್ದರೆ ಸುಮ್ಮನಿರಬಹುದಿತ್ತು, ಕೆಲವು ಕಡೆ ಅದು ಜೀವಕ್ಕೇ ಬರುತ್ತದೆ. ವರ್ಷಗಟ್ಟಲೆ ದಿನಾ ಬೆಳಿಗ್ಗೆಯೇ ಕುಡಿಯಲು ಶುರು ಮಾಡುವ ಮನುಷ್ಯನನ್ನು ದೇವರ ಮುಂದೆ ನಿಲ್ಲಿಸಿ, ‘ಇವತ್ತಿಂದ ಮುಟ್ಟಲ್ಲ’ ಎಂದು ಆಣೆ ಹಾಕಿಸುತ್ತಾರೆ. ಕೊನೆಯ ಗುಟುಕಾದ ಆರೆಂಟು ಗಂಟೆಗೆ ಕೈ ನಡುಕ, ಬೆವರು ಶುರುವಾಗುತ್ತದೆ. 12ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಗೋಡೆ ಮೇಲೆ ಹುಳ ಹರಿದಾಡಿದಂತೆ ಕಾಣುವುದು, ಹಗಲೋ ರಾತ್ರಿಯೋ ಗೊತ್ತಾಗದಿರುವುದು. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಮನೆಯವರು ಗಾಳಿ ಸೋಕಿದೆ ಅಂದುಕೊಂಡು ತಾಯಿತ ಹುಡುಕುತ್ತಿರುತ್ತಾರೆ. ಇಂಥವರು ಮೊದಲು ಹೋಗಬೇಕಾದದ್ದು ಡಾಕ್ಟರ ಹತ್ತಿರ. ನಡುಕ ಇಳಿಸುವ ಮಾತ್ರೆ, ವಿಟಮಿನ್ ಬಿ1 ಕೊಟ್ಟು ಮೈಯನ್ನು ಹದಕ್ಕೆ ತಂದ ಮೇಲೆ ಮಾತುಕತೆ.

ಆ ಮಾತಿನಲ್ಲೂ ದೇವರ ಆಣೆ ಬೇಡ, ರೂಪಾಯಿಯ ಆಣೆ ಸಾಕು. ‘ಬಿಡೋಕೆ ರೂಪಾಯಿಗೆ ಎಷ್ಟಾಣೆ ಮನಸ್ಸಿದೆ ಯಜಮಾನ್ರೇ?’ ವಯಸ್ಸಾದವರಿಗೆ ರೂಪಾಯಿಗೆ ಹದಿನಾರಾಣೆಯ ಈ ಲೆಕ್ಕ ತಟ್ಟನೆ ಹತ್ತುತ್ತದೆ. ಆರಾಣೆ ಅಂದರು ಅನ್ನಿ. ‘ಹದಿನಾರಾಣೆ ಯಾಕಿಲ್ಲ?’ ಎಂದು ಕೇಳಿದಿರೋ ಕೆಟ್ಟಿತು: ಮೈನೋವು, ಸಾಲ, ಸ್ನೇಹಿತರು ಎಂದು ಕುಡಿತದ ಪರ ವಕಾಲತ್ತು ಶುರುವಾಗುತ್ತದೆ. ‘ನಾಲ್ಕಾಣೆ ಅನ್ನದೆ ಆರಾಣೆ ಅಂದ್ರಲ್ಲ, ಯಾವುದಕ್ಕೆ?’ ಎಂದು ಕೇಳಬೇಕು. ಆಗ ಬಿಡಬೇಕಾದ ಕಾರಣಗಳು ಅವರ ಬಾಯಿಂದಲೇ ಬರುತ್ತವೆ. ಬೇರೆಯವರು ಹೇಳಿದ ಕಾರಣವನ್ನು ಹೊಡೆದುಹಾಕುವಷ್ಟು ಸಲೀಸಾಗಿ ತಾನೇ ಹೇಳಿದ್ದನ್ನು ಹೊಡೆದುಹಾಕಲು ಆಗುವುದಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ಬರೆದು, ಆಮೇಲೆ ಸ್ಟೀಫನ್ ರಾಲ್ನಿಕ್ ಜೊತೆ ಬೆಳೆಸಿದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಎಂಬ ಪದ್ಧತಿಯ ಒಂದು ಪಟ್ಟು ಇದು. ಅವರದು ಸೊನ್ನೆಯಿಂದ ಹತ್ತರ ಲೆಕ್ಕ, ಆಣೆ ನಮ್ಮದು.

‘ಇದೆಲ್ಲ ಅಮೆರಿಕದ್ದು, ನಮ್ಮ ಜನ ಹೇಳಿಸಿಕೊಳ್ಳೋಕೇ ಬರ್ತಾರೆ’ ಅನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಅಲ್ಲಿಯ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ, ಈ ಕೆಲಸ ಮಾಡುವವರಲ್ಲಿ ಇರಬೇಕಾದದ್ದು ಒಳಗೊಂದು ಹೊರಗೊಂದು ಇಲ್ಲದಿರುವುದು, ಷರತ್ತಿಲ್ಲದ ಗೌರವ, ಎದುರಿನವರ ಕಣ್ಣಿಂದ ನೋಡುವುದು ಎಂದೆಲ್ಲ ಬರೆದಾಗ ಅವನ ಕಣ್ಣ ಮುಂದಿದ್ದದ್ದು ಅಲ್ಲಿಯ ಜನ. ನಮ್ಮವರೇ ಆದ ಮನೋವೈದ್ಯ ಜೆ. ಎಸ್. ನೇಕಿ 1973ರಲ್ಲಿ, ಇಲ್ಲಿಗೆ ಗುರು-ಶಿಷ್ಯ ಸಂಬಂಧವೇ ಮಾದರಿಯಾಗಬಹುದು ಎಂದು ವಾದಿಸಿದರು. ಒಪ್ಪೋಣ. ಆದರೆ ಶಿಷ್ಯ ಗುರುವನ್ನು ಹುಡುಕಿಕೊಂಡು ಹೋಗುತ್ತಿದ್ದ. ಅವನನ್ನು ಅಪ್ಪ ರಟ್ಟೆ ಹಿಡಿದು ಆಟೋದಲ್ಲಿ ತಂದು ಬಿಡುತ್ತಿರಲಿಲ್ಲ. ಇನ್ನು ಮಾಹಿತಿಯ ಪ್ರಶ್ನೆ ಬೇರೆ. ಯಾವ ಆಸ್ಪತ್ರೆ, ಯಾವ ಅರ್ಜಿ, ಯಾವ ಪರೀಕ್ಷೆ ಎಂದು ಕೇಳಿದರೆ ಥಟ್ಟನೆ ಹೇಳಬೇಕು. ‘ನಿಮಗೇನನ್ನಿಸುತ್ತೆ?’ ಎಂದು ತಿರುಗಿ ಕೇಳುವ ಸಮಾಲೋಚಕರನ್ನು ಕಂಡರೆ ನನಗೂ ಮೈ ಉರಿಯುತ್ತದೆ.

ಆಟೋದಲ್ಲಿ ಬಂದ ಆ ಸೆಕೆಂಡ್ ಪಿಯುಸಿ ಹುಡುಗನನ್ನೇ ತೆಗೆದುಕೊಳ್ಳಿ. ಕುರ್ಚಿಗಳು ಎದುರುಬದುರು ಇರಬಾರದು, ಅದು ಪ್ರಿನ್ಸಿಪಾಲರ ಚೇಂಬರ್ ಆಗುತ್ತದೆ. ಸ್ವಲ್ಪ ಓರೆಯಾಗಿಟ್ಟರೆ ಅವನು ಕಿಟಕಿಯನ್ನೂ ನೋಡಬಹುದು, ನಮ್ಮನ್ನೂ ನೋಡಬಹುದು. ಗಡಿಯಾರ ಅವನ ಬೆನ್ನ ಹಿಂದಿನ ಗೋಡೆಯಲ್ಲಿರಬೇಕು. ನಾವು ಕೈಗಡಿಯಾರ ನೋಡಿದ ಕ್ಷಣ ಮಾತು ನಿಲ್ಲುತ್ತದೆ. ಮೊದಲ ಹತ್ತು ನಿಮಿಷ ಅಪ್ಪನೂ ಒಳಗಿರಲಿ. ವಯಸ್ಸು 18 ತುಂಬಿಲ್ಲದಿದ್ದರೆ ಅವರ ಒಪ್ಪಿಗೆ ಬೇಕು, ಹಾಗಾಗಿ ಗೋಪ್ಯತೆಯ ಕರಾರು ಅವರ ಎದುರಿಗೇ ಆಗಬೇಕು: ‘ಇವನು ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ತನ್ನ ಜೀವಕ್ಕೆ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಇದೆ ಅಂತ ಕಂಡರೆ ನಿಮಗೆ ಹೇಳ್ತೀನಿ, ಇವನಿಗೆ ತಿಳಿಸಿಯೇ ಹೇಳ್ತೀನಿ.’ ಮೂರನೆಯ ವಿನಾಯಿತಿಯನ್ನೂ ಆಗಲೇ ಹೇಳಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ. ಇದನ್ನು ಮೊದಲೇ ಹೇಳದೆ, ಹುಡುಗ ಬಾಯಿಬಿಟ್ಟ ಮೇಲೆ ಹೇಳಿದರೆ ಮೋಸ ಹೋದೆ ಅಂದುಕೊಳ್ಳುತ್ತಾನೆ. ಅವನ ಮಟ್ಟಿಗೆ ಅದು ಸರಿಯೇ.

ಅಪ್ಪ ಹೊರಗೆ ಹೋದ ಮೇಲೆ ಏಕವಚನವೋ ಬಹುವಚನವೋ? ತರಬೇತಿಯ ಪುಸ್ತಕಗಳು ಇಂಗ್ಲಿಷಿನವು, ಅವಕ್ಕೆ ಈ ತಲೆನೋವಿಲ್ಲ. ಹದಿನೇಳರ ಹುಡುಗನಿಗೆ ‘ನೀವು’ ಅಂದರೆ ಏನೋ ತಪ್ಪು ಮಾಡಿ ಸಿಕ್ಕಿಬಿದ್ದೆ ಅಂದುಕೊಂಡು ಸೆಟೆದು ಕೂರುತ್ತಾನೆ. ಕೇಳಿಬಿಡುವುದು ಸುಲಭ: ‘ನೀನು ಅನ್ಲಾ?’ ಆ ಕೋಣೆಯಲ್ಲಿ ಅವನ ಒಪ್ಪಿಗೆ ಕೇಳಿದ ಮೊದಲ ಮಾತು ಅದೇ ಆಗಿರುತ್ತದೆ.

‘ಯಾಕೆ’ಯನ್ನು ಮೊದಲ ದಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಯಾಕೆ ಲೇಟು, ಯಾಕೆ ಮಾರ್ಕ್ಸ್ ಕಮ್ಮಿ ಎಂದು ಕೇಳಿಸಿಕೊಂಡೇ ಬೆಳೆದವನಿಗೆ ಅದು ಪ್ರಶ್ನೆಯಾಗಿ ಕೇಳಿಸುವುದೇ ಇಲ್ಲ. ‘ಯಾಕೆ ಕಾಲೇಜಿಗೆ ಹೋಗ್ತಿಲ್ಲ?’ ಅಂದರೆ ‘ಸುಮ್ನೆ’ ಅನ್ನುತ್ತಾನೆ. ‘ಬೆಳಿಗ್ಗೆ ಎದ್ದಾಗಿಂದ ಏನೇನಾಗುತ್ತೆ, ಹೇಳು’ ಅಂದರೆ ಏಳೂಕಾಲಿನ ಅಲಾರಂ, ಹೊಟ್ಟೆ ತೊಳಸು, ಬಚ್ಚಲಲ್ಲಿ ಅರ್ಧ ಗಂಟೆ, ಎಲ್ಲ ಒಂದೊಂದಾಗಿ ಬರುತ್ತದೆ.

ಕೊನೆಗೆ ಬರುವ ಪದ ‘ಬೇಜಾರು’. ಕನ್ನಡದಲ್ಲಿ ಈ ಕೆಲಸ ಮಾಡುವವರು ಅರ್ಧ ಆಯುಷ್ಯವನ್ನು ಈ ಒಂದು ಪದ ಬಿಚ್ಚುವುದರಲ್ಲೇ ಕಳೆಯುತ್ತಾರೆ. ಭಾನುವಾರ ಮಧ್ಯಾಹ್ನ ಕರೆಂಟ್ ಹೋದರೂ ಬೇಜಾರು, ಗೆಳೆಯ ಸಟ್ಟನೆ ಏನೋ ಅಂದರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು, ಬದುಕೇ ಬೇಡವಾದರೂ ಬೇಜಾರು. ‘ನಿನಗೆ ದುಃಖವಾಗುತ್ತಿದೆ ಎಂದು ನನಗನ್ನಿಸುತ್ತದೆ’ ಎಂದು ಇಂಗ್ಲಿಷ್ ಪಾಠವನ್ನು ಕನ್ನಡಕ್ಕಿಳಿಸಿ ಒಪ್ಪಿಸಿದರೆ ಧಾರಾವಾಹಿಯ ಡೈಲಾಗ್ ಆಗುತ್ತದೆ. ‘ಯಾವ ಥರ ಬೇಜಾರು? ಸಿಟ್ಟು ಬರೋ ಬೇಜಾರಾ, ಅಳು ಬರೋ ಬೇಜಾರಾ, ಏನೂ ಬೇಡ ಅನ್ನೋ ಬೇಜಾರಾ?’ ಎಂದು ಕೇಳಬೇಕು. ಅದರಿಂದಾಚೆ ಮೈ ಹಿಡಿದು ಹೋಗಬೇಕು, ಯಾಕೆಂದರೆ ನಮ್ಮ ಭಾಷೆಯಲ್ಲಿ ಮನಸ್ಸು ಮೈಯಲ್ಲೇ ಇದೆ: ಎದೆ ಹಿಂಡುವುದು, ತಲೆ ಚಿಟ್ಟು ಹಿಡಿಯುವುದು, ಕೈಕಾಲು ಸೋಲುವುದು. ಅವನು ಹೇಳಿದ ಪದವನ್ನೇ ಹಿಂದಿರುಗಿಸಬೇಕು. ಅವನು ‘ತಲೆ ಚಿಟ್ಟು’ ಅಂದದ್ದನ್ನು ನಾವು ‘ಒತ್ತಡ’ ಎಂದು ತಿದ್ದಿದರೆ ನಮ್ಮ ಫೈಲು ಚೆಂದ ಕಾಣುತ್ತದೆ, ಅಷ್ಟೇ.

ಮೂರನೇ ಥರದ ಬೇಜಾರು ದಿನದ ಹೆಚ್ಚಿನ ಹೊತ್ತು, ಎರಡು ವಾರಕ್ಕೂ ಮೀರಿ ಇದ್ದರೆ ಖಿನ್ನತೆಯೇ ಎಂದು ತಜ್ಞರು ನೋಡಬೇಕು. ಅಲ್ಲಿ ಇನ್ನೊಂದು ಪ್ರಶ್ನೆಯನ್ನು ಸುತ್ತಿಬಳಸದೆ ಕೇಳಬೇಕು: ‘ಸಾಯ್ಬೇಕು ಅಂತ ಅನ್ನಿಸಿದೆಯಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಹೌದು ಅಂದರೆ ಎಷ್ಟು ಸಲ, ಏನಾದರೂ ಯೋಚನೆ ಮಾಡಿಟ್ಟಿದ್ದಾನೆಯೇ, ಮನೆಯಲ್ಲಿ ಏನು ಕೈಗೆ ಸಿಗುವಂತಿದೆ ಎಂದು ಒಂದೊಂದಾಗಿ ಕೇಳಬೇಕು. ಕ್ರಿಮಿನಾಶಕದ ಡಬ್ಬಿ, ಅಜ್ಜನ ಮಾತ್ರೆಗಳು ಅವತ್ತೇ ಬೀಗದೊಳಗೆ ಹೋಗಬೇಕು. ಅವನನ್ನು ಒಂಟಿಯಾಗಿ ಬಿಡಬಾರದು, ಮನೋವೈದ್ಯರಿಗೆ ತೋರಿಸಬೇಕು. ನಡುರಾತ್ರಿಯಾದರೆ ಟೆಲಿ ಮಾನಸ್, 14416. ಅಕ್ಟೋಬರ್ 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.

ಇಷ್ಟೆಲ್ಲ ಬರೆಸಿಕೊಂಡ ಪ್ರಶ್ನೆಗಿಂತ ಒಳ್ಳೆಯ ಪ್ರಶ್ನೆಯೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಒಂದು ಸಲ ಬಂದವರು ಎರಡನೇ ಸಲ ಯಾಕೆ ಬರಲ್ಲ? (ಬೀರುವಿನ ಬೀಗ ತೆಗೆದಿದ್ದೇನೆ. ನಮ್ಮನ್ನು ನಾವು ಕೇಳಿಕೊಳ್ಳುವಾಗ ‘ಯಾಕೆ’ ನಡೆಯುತ್ತದೆ.)

ಎಷ್ಟೋ ಸಲ ಕಾರಣ ಬಸ್ಸು. ಸಂಜೆ ಐದರ ನಂತರ ಊರಿಗೆ ಬಸ್ಸಿಲ್ಲದವರಿಗೆ ನಾಲ್ಕೂವರೆಯ ಸಮಯ ಕೊಟ್ಟು, ಫೈಲಿನಲ್ಲಿ ‘ಸಹಕಾರ ನೀಡಲಿಲ್ಲ’ ಎಂದು ಬರೆದಿಡುತ್ತೇವೆ. ದಿನಗೂಲಿಯವರಿಗೆ ಒಂದು ಭೇಟಿ ಅಂದರೆ ಒಂದು ದಿನದ ಕೂಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದೇ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯ ಮೇಲೆ: ಜನ ಬೆಂಗಳೂರಿಗೆ ಅಲೆಯುವ ಬದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡುವುದು. ದೂರವೂ ಕಾಯಿಲೆಯ ಒಂದು ಭಾಗ ಎಂದು ಆಗಲೇ ಗೊತ್ತಿತ್ತು.

ಉಳಿದ ಕಾರಣಗಳು ನಮ್ಮವೇ. ಅವರು ಅಳುವಾಗ ಬರೆದುಕೊಳ್ಳುತ್ತಿದ್ದೆವು. ಇಪ್ಪತ್ತನೇ ನಿಮಿಷಕ್ಕೇ ಪರಿಹಾರ ಕೊಟ್ಟೆವು. ‘ಎಲ್ಲಾ ಸರಿಹೋಗುತ್ತೆ’ ಅಂದೆವು, ಅವರಿಗೆ ಅದು ‘ಸಾಕು ನಿಲ್ಲಿಸಿ’ ಎಂದು ಕೇಳಿಸಿತು. ಇವೆಲ್ಲಕ್ಕಿಂತ ದೊಡ್ಡದು ಗುರಿಯ ಗೊಂದಲ. ಮನಃಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಹೇಳಿದ ಪ್ರಕಾರ ಸಮಾಲೋಚಕರ ಮತ್ತು ಬಂದವರ ಸಂಬಂಧ ನಿಂತಿರುವುದು ಮೂರರ ಮೇಲೆ: ಪರಸ್ಪರ ನಂಟು, ಗುರಿಯ ಬಗ್ಗೆ ಒಪ್ಪಿಗೆ, ಅದಕ್ಕೆ ಮಾಡಬೇಕಾದ ಕೆಲಸದ ಬಗ್ಗೆ ಒಪ್ಪಿಗೆ. ಅಪ್ಪನ ಗುರಿ ಸಿಇಟಿ ರ‍್ಯಾಂಕ್. ಹುಡುಗನ ಗುರಿ ರಾತ್ರಿ ನಿದ್ದೆ. ಅಪ್ಪನ ಗುರಿ ಹಿಡಿದು ಹೊರಟರೆ ಎರಡನೇ ಭೇಟಿಗೆ ಅಪ್ಪ ಮಾತ್ರ ಬರುತ್ತಾರೆ. ನಿದ್ದೆಯಿಂದ ಶುರು ಮಾಡಿದರೆ ರ‍್ಯಾಂಕಿನ ವಿಷಯ ತಾನಾಗಿ ಮಾತಿಗೆ ಬರುವುದುಂಟು.

ನಂಟಿಗೂ ಅಳತೆ ಬೇಕು, ‘ಆಪ್ತ’ದ ಮೇಲಿನ ತಕರಾರು ಇದೇ. ಮೂರನೇ ಭೇಟಿಗೆ ‘ಮೇಡಂ’ ಹೋಗಿ ‘ಅಕ್ಕ’ ಬರುತ್ತದೆ. ಅಕ್ಕ ಅಂದ ಮೇಲೆ ಅಕ್ಕನ ಕೆಲಸಗಳೂ ಬರುತ್ತವೆ: ನಾಮಕರಣಕ್ಕೆ ಹೋಗಬೇಕು, ರಾತ್ರಿ ಹನ್ನೊಂದಕ್ಕೆ ಬಂದ ವಾಟ್ಸ್ಆ್ಯಪ್ ನೋಡಬೇಕು, ಗಂಡನಿಗೆ ಎರಡು ಮಾತು ಬೈಯಬೇಕು. ಕರೆಯುವ ಹೆಸರನ್ನು ತಡೆಯುವ ಅಗತ್ಯ ನನಗೆ ಕಂಡಿಲ್ಲ. ಹೊತ್ತು, ಜಾಗ, ಫೋನಿನ ನಿಯಮ ಬಿಗಿಯಾಗಿದ್ದರೆ ಸಾಕು. ತೋಟದ ಬಾಳೆಹಣ್ಣು ತಂದರೆ ಬೇಡ ಅನ್ನಬಾರದು, ತಂದವರನ್ನೂ ಸೇರಿಸಿ ಅಲ್ಲಿದ್ದವರಿಗೆಲ್ಲ ಹಂಚಬೇಕು. ಸೀರೆ, ದುಡ್ಡು ವಾಪಸ್.

ಐವತ್ತು ನಿಮಿಷ ಮುಗಿದು ಬಾಗಿಲು ತೆಗೆದರೆ ಅಪ್ಪ ಅಲ್ಲೇ ನಿಂತಿರುತ್ತಾರೆ. ‘ಏನಂದ ಮೇಡಂ?’ ಹುಡುಗನ ಎದುರೇ ಕೊಡುವ ಉತ್ತರ: ‘ಅವನನ್ನೇ ಕೇಳಿ. ಆದರೆ ಒಂದು ವಾರ ಮಾರ್ಕ್ಸ್ ವಿಷಯ ಬಿಟ್ಟು.’ ಅಪ್ಪನ ಮುಖ ನೋಡಬೇಕು. ಒಂದು ವಾರ ಮಾರ್ಕ್ಸ್ ಬಿಟ್ಟು ಮಗನ ಹತ್ತಿರ ಏನು ಮಾತಾಡುವುದು ಎಂದು ಅವರಿಗೆ ಹೊಳೆಯುತ್ತಿರುವುದಿಲ್ಲ.

ಅಂದಹಾಗೆ, ಹುಡುಗ ಬರಲ್ಲ ಅಂದರೆ ನೀವೊಬ್ಬರೇ ಬನ್ನಿ. ಫೀಸು ಅಷ್ಟೇ.