ವಿದ್ಯಾರಣ್ಯಪುರದಲ್ಲಿ ಬಾಡಿಗೆ ಮನೆ

ಅಂತೂ ವಿದ್ಯಾರಣ್ಯಪುರದಲ್ಲಿ ಮನೆ ಸಿಕ್ಕಿತು. ಸಂಜೆಯಾದರೆ ಬೀದಿ ತುಂಬಾ ಮಕ್ಕಳು, ಸೈಕಲ್ಲು, ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುವ ಅಜ್ಜಿಯರು. ಮಗಳನ್ನು ಒಬ್ಬಳನ್ನೇ ಅಂಗಡಿಗೆ ಕಳಿಸಬಹುದು ಅನ್ನಿಸಿತು, ಅದಕ್ಕೇ ಆಫೀಸ್ ದೂರವಾದರೂ ಒಪ್ಪಿಕೊಂಡೆವು. ಕಾವೇರಿ ನೀರೂ ಇದೆ, ಬೋರ್‌ವೆಲ್ಲೂ ಇದೆ.

ಆದರೆ ಅಡ್ವಾನ್ಸ್! ಹತ್ತು ತಿಂಗಳ ಬಾಡಿಗೆ ಒಟ್ಟಿಗೆ ಹೊಂದಿಸುವುದು ಸಂಬಳದವರಿಗೆ ಎಷ್ಟು ಕಷ್ಟ ಅಲ್ವಾ? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಕೇಳುವಂತಿಲ್ಲ, ಆದರೆ ರಾಜ್ಯಗಳು ಒಪ್ಪಿದರೆ ಮಾತ್ರ ಅದು ಜಾರಿ. ನಮ್ಮಲ್ಲೂ ಬರಲಿ.

ಇನ್ನೊಂದು ಮಾತು. ‘ಫ್ಯಾಮಿಲಿಗೆ ಮಾತ್ರ’ ಬೋರ್ಡ್ ಕಂಡಾಗಲೆಲ್ಲ ಊರು ಬಿಟ್ಟು ಬಂದು ಒಬ್ಬರೇ ದುಡಿಯುವ ಹುಡುಗಿಯರು ನೆನಪಾಗುತ್ತಾರೆ. ಕೆಳಗಿನ ಮನೆ ಖಾಲಿ ಇದೆ, ಅಂಥವರಿಗೆ ಕೊಡಿ ಅಂತ ಓನರ್ ಆಂಟಿಗೆ ಹೇಳಿದ್ದೇನೆ.