ಯಾವ ಗಿಡ ಪೀಡೆ ಕಳೆ? ಪುಣೆಯ ಅಂಗಳಗಳಿಗೆ ಒಂದಿಷ್ಟು ಲೆಕ್ಕಾಚಾರ

ಬೇಡದ ಜಾಗದಲ್ಲಿ ಹುಟ್ಟಿದ್ದೆಲ್ಲ ಕಳೆ. ಬಸಳೆ ಹಚ್ಚಿದ ಕುಂಡದಲ್ಲಿ ಟೊಮೆಟೊ ಸಸಿ ಎದ್ದರೆ ಅದೂ ಕಳೆಯೇ, ಕಿತ್ತರೆ ಮುಗಿಯಿತು. ಪೀಡೆ ಕಳೆಯ ಲೆಕ್ಕ ಬೇರೆ. ಸರ್ಕಾರಿ ಕಾಗದಗಳಲ್ಲಿ ಅದಕ್ಕೆ ಹಾನಿಕಾರಕ ಕಳೆ ಅನ್ನುತ್ತಾರೆ. ಅದು ನಿಮ್ಮ ಕಾಂಪೌಂಡಿನೊಳಗೆ ಬೆಳೆದರೂ ಪೆಟ್ಟು ಬೀಳುವುದು ಪಕ್ಕದವರ ಹೊಲಕ್ಕೆ, ಬೀದಿಯಲ್ಲಿ ಮೇಯುವ ಎಮ್ಮೆಗೆ, ಎದುರುಮನೆಯ ಆಸ್ತಮಾ ಇರುವ ಅಜ್ಜಿಗೆ. ಹಾನಿ ಬೇಲಿ ದಾಟುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಹರಡುವ ವೇಗ ಕೀಳುವ ಕೈಗಳ ವೇಗಕ್ಕಿಂತ ಹೆಚ್ಚೇ ಎಂಬುದು ಎರಡನೆಯದು. ಇವೆರಡಕ್ಕೂ ಹೌದು ಎಂಬ ಉತ್ತರ ಬಂದ ಮೇಲೆಯೇ ಕಾನೂನು ಆ ಗಿಡದ ಹೆಸರು ಹಿಡಿದು ಪಟ್ಟಿ ಮಾಡುತ್ತದೆ. ನೋಡಲು ಚೆನ್ನಾಗಿದೆಯೋ ಇಲ್ಲವೋ, ಮುಳ್ಳಿದೆಯೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಪುಣೆಯಲ್ಲಿರುವವರಿಗೆ ಈ ವಿಷಯ ಅರ್ಥವಾಗಲು ಪಾರ್ಥೇನಿಯಂ ಒಂದೇ ಸಾಕು. ನಮ್ಮ ಕಡೆಯ ಕಾಂಗ್ರೆಸ್ ಕಸ, ಇಲ್ಲಿನವರ ಗಾಜರ್ ಗವತ್. ಮೆಕ್ಸಿಕೊ ಕೊಲ್ಲಿಯ ಸುತ್ತಿನ ನಾಡಿನದು. ಭಾರತದಲ್ಲಿ ಅದು ಬೇರೂರಿ ಹಬ್ಬಿದ್ದನ್ನು ಗುರುತಿಸಿದ್ದು ಇದೇ ಪುಣೆಯಲ್ಲಿ, 1955ರಲ್ಲಿ. ಸಸ್ಯವಿಜ್ಞಾನಿ ಆರ್. ಎಸ್. ರಾವ್ ಅವರ ವರದಿ 1956ರಲ್ಲಿ ಪ್ರಕಟವಾಯಿತು. ಅಮೆರಿಕದ ಆಹಾರ ನೆರವಿನ ಯೋಜನೆಯಾದ ಪಿ.ಎಲ್. 480ರ ಗೋಧಿಯ ಜೊತೆ ಬಂತು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆದರೆ ಆ ಯೋಜನೆಯಡಿ ಭಾರತ ಮತ್ತು ಅಮೆರಿಕದ ನಡುವೆ ಮೊದಲ ಒಪ್ಪಂದವಾದದ್ದು 1956ರ ಆಗಸ್ಟ್‌ನಲ್ಲಿ, ಗಿಡ ಕಣ್ಣಿಗೆ ಬಿದ್ದದ್ದು ಅದಕ್ಕೂ ಮೊದಲು. 1951ರಲ್ಲೇ ಸಾಲದ ಮೇಲೆ ಅಮೆರಿಕದ ಧಾನ್ಯ ಬಂದಿತ್ತು. ಕಾಳಿನ ಜೊತೆ ಬಂದಿರುವ ಸಾಧ್ಯತೆ ದೊಡ್ಡದೇ, ಆದರೆ ಪಿ.ಎಲ್. 480 ಎಂದು ಮುದ್ರೆ ಒತ್ತುವುದು ಸರಿಯಲ್ಲ.

ಈ ಗಿಡ ಪೀಡೆಯಾದದ್ದು ಹೇಗೆ ಎಂದು ತಿಳಿಯಬೇಕಾದರೆ ಅದರ ಹೂವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನಾಲ್ಕೈದು ಮಿಲಿಮೀಟರ್ ಅಗಲದ ಬಿಳಿ ಗುಂಡಿಯಂಥ ಹೂಗೊಂಚಲು, ಅದಕ್ಕೆ ಐದು ಮೂಲೆ, ಮೂಲೆಗೊಂದರಂತೆ ಐದು ಕಪ್ಪು ಬೀಜ. ಐದೇ ಅಲ್ಲವೇ ಅನ್ನಿಸುತ್ತದೆ. ಒಂದು ಗಿಡದಲ್ಲಿ ಇಂಥ ಹೂ ಸಾವಿರಗಟ್ಟಲೆ ಇರುತ್ತವೆ, ಬೀಜ ಹತ್ತು ಸಾವಿರದಿಂದ ಇಪ್ಪತ್ತೈದು ಸಾವಿರದವರೆಗೆ ಹೋಗುತ್ತದೆ. ಮೊಳಕೆಯೊಡೆದ ನಾಲ್ಕರಿಂದ ಎಂಟು ವಾರದಲ್ಲಿ ಹೂ. ತೇವ ಸಿಕ್ಕರೆ ವರ್ಷದ ಯಾವ ತಿಂಗಳಾದರೂ ಸರಿ, ಮೊಳೆಯುತ್ತದೆ. ಹಾಗಾಗಿ ಮಳೆ ನಿಂತ ಮೇಲೂ ಗಟಾರದ ಅಂಚು, ಒಡೆದ ನೀರಿನ ಪೈಪಿನ ಪಕ್ಕ, ಹೌಸಿಂಗ್ ಸೊಸೈಟಿ ತೋಟದ ಸ್ಪ್ರಿಂಕ್ಲರ್ ತಲುಪುವಷ್ಟು ದೂರ ಅದು ಹಸಿರಾಗಿಯೇ ಇರುತ್ತದೆ. ನೆಲದ ಮೇಲೆ ಬಿದ್ದ ಬೀಜ ಬೇಗ ಸಾಯುತ್ತದೆ. ಮಣ್ಣಿನಡಿ ಹೂತದ್ದು ವರ್ಷಗಟ್ಟಲೆ ಬದುಕಿರುತ್ತದೆ. ಇಷ್ಟು ಗೊತ್ತಿದ್ದವರು ಕಾಂಗ್ರೆಸ್ ಕಸ ಬೀಜವಾದ ಜಾಗವನ್ನು ಅಗೆದು ಮಗುಚುವುದಿಲ್ಲ.

ಇನ್ನು ಹಾನಿ. ಗಿಡದ ತುಂಬ ಪಾರ್ಥೇನಿನ್ ಎಂಬ ರಾಸಾಯನಿಕವಿದೆ. ಬೇರಿನಿಂದ, ಕೊಳೆತ ಎಲೆಯಿಂದ ಮಣ್ಣಿಗಿಳಿದು ಸುತ್ತಲಿನ ಬೀಜಗಳ ಮೊಳಕೆಯನ್ನು ತಡೆಯುತ್ತದೆ. ಪರಾಗ ಹಾರಿ ಟೊಮೆಟೊ, ಮೆಣಸಿನಕಾಯಿ, ಬದನೆ ಹೂವಿನಲ್ಲಿ ಪರಾಗ ಹಿಡಿಯುವ ತುದಿಯಾದ ಶಲಾಕಾಗ್ರದ ಮೇಲೆ ಕೂತರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಟೆರೇಸಿನಲ್ಲಿ ಮೆಣಸಿನಗಿಡ ಬೆಳೆಸಿ, ಹೂ ಬಂದರೂ ಕಾಯಿ ಇಲ್ಲ ಎಂದು ಗೊಬ್ಬರ ಬದಲಿಸುವವರು ಪಕ್ಕದ ಖಾಲಿ ಪ್ಲಾಟಿನ ಕಡೆಗೂ ಒಮ್ಮೆ ನೋಡಬೇಕು. ಮೇವಿಲ್ಲದಾಗ ದನ ಎಮ್ಮೆ ಇದನ್ನು ತಿಂದರೆ ಹಾಲು ಕಹಿ, ಹೆಚ್ಚು ತಿಂದರೆ ಕಾಯಿಲೆ.

ಮನುಷ್ಯರ ಚರ್ಮಕ್ಕೆ ಆಗುವುದು ಇನ್ನೂ ಕೆಟ್ಟದು. ಮೊದಲ ಸಲ ಮುಟ್ಟಿದಾಗ ಏನೂ ಆಗದೆ ಇರಬಹುದು. ವರ್ಷಗಟ್ಟಲೆ ಒಡನಾಟವಾದ ಮೇಲೆ ಒಮ್ಮೆ ಅಲರ್ಜಿ ಶುರುವಾದರೆ ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ. ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಚರ್ಮ ದಪ್ಪಗಾಗಿ ಕೆರೆತ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದರೂ ಸಾಕು. ಇಂಥವರಲ್ಲಿ ಕೆಲವರಿಗೆ ಅದೇ ಕುಟುಂಬದ ಸೇವಂತಿಗೆ, ಸೂರ್ಯಕಾಂತಿಯೂ ಒಗ್ಗುವುದಿಲ್ಲ. ಹಬ್ಬದಲ್ಲಿ ಸೇವಂತಿಗೆ ಮಾಲೆ ಕಟ್ಟಿದ ಮೇಲೆ ಕೈ ಉರಿಯುವವರು ಚರ್ಮವೈದ್ಯರ ಬಳಿ ಪಾರ್ಥೇನಿಯಂ ಹೆಸರನ್ನು ತಪ್ಪದೆ ಹೇಳಲಿ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯ ಕಟ್ಟಡ ಕೆಲಸಗಳಲ್ಲಿ ಸೈಟ್ ಸ್ವಚ್ಛ ಮಾಡುವ ನಮ್ಮ ಜನ ಬರಿಗೈಯಲ್ಲಿ ಈ ಗಿಡ ಕೀಳುತ್ತಾರೆ. ಅವರಿಗೆ ಕೈಗವಸು, ತುಂಬುತೋಳಿನ ಅಂಗಿ ಕೊಡುವುದು ಕೆಲಸ ಮಾಡಿಸುವವರ ಹೊಣೆ. ಈ ಮಾತಿನಲ್ಲಿ ರಾಜಿಯಿಲ್ಲ.

ಕೀಳುವ ರೀತಿಗೆ ಬರೋಣ, ಹೆಚ್ಚಿನ ಶ್ರಮ ವ್ಯರ್ಥವಾಗುವುದು ಇಲ್ಲಿಯೇ. ಸೊಸೈಟಿಗಳಲ್ಲಿ ಸಾಮಾನ್ಯವಾಗಿ ಗಣಪತಿ ಹಬ್ಬಕ್ಕೆ ಮುಂಚೆ ಯಂತ್ರ ತಂದು ಮೇಲಿಂದ ಕತ್ತರಿಸುತ್ತಾರೆ. ಗಿಡದ ಬುಡ ನೆಲದಲ್ಲೇ ಉಳಿಯುತ್ತದೆ, ಅಲ್ಲಿಂದ ನಾಲ್ಕಾರು ಕವಲು ಒಡೆದು, ಇನ್ನಷ್ಟು ಕುಳ್ಳಗೆ, ಇನ್ನಷ್ಟು ಬೇಗ ಹೂ ಬಿಡುತ್ತದೆ. ಕತ್ತರಿಸುವ ಹೊತ್ತಿಗೆ ಬೀಜವಾಗಿದ್ದರೆ ಯಂತ್ರವೇ ಬಿತ್ತನೆ ಮಾಡಿದ ಹಾಗೆ. ಸರಿಯಾದ ಸಮಯವೆಂದರೆ ಎಲೆಗಳು ನೆಲಕ್ಕೆ ಒತ್ತಿಕೊಂಡು ಚಕ್ರದಂತೆ ಹರಡಿರುವ ಹಂತ. ಮಳೆ ಬಿದ್ದ ಮರುದಿನ ಮಣ್ಣು ಮೆತ್ತಗಿರುವಾಗ, ಕಳೆ ಕೀಳುವ ಕುರ್ಚಿಗಿಯನ್ನು ಬುಡದ ಪಕ್ಕ ಓರೆಯಾಗಿ ಇಳಿಸಿ, ತಾಯಿಬೇರು ಸಮೇತ ಎತ್ತಬೇಕು. ಬೇರು ತುಂಡಾದರೆ ಬುಡದ ಗಂಟಾದರೂ ಮೇಲೆ ಬಂದಿದೆಯೇ ನೋಡಿ. ಗಂಟು ಬಂದಿದ್ದರೆ ಉಳಿದ ಬೇರಿನ ತುದಿಯ ಚಿಂತೆ ಬೇಡ.

ಹೂ ಬಂದುಬಿಟ್ಟಿದ್ದರೆ ಮೊದಲು ಗಿಡದ ತಲೆಯ ಮೇಲೆ ಚೀಲ ಮುಚ್ಚಿ ಆಮೇಲೆ ಕೀಳಿ, ಮಾಸ್ಕ್ ಇರಲಿ. ಅದನ್ನು ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ, ಮನೆಯ ಗುಂಡಿ ಬೀಜ ಸಾಯುವಷ್ಟು ಬಿಸಿಯಾಗುವುದು ಅಪರೂಪ. ಹೂವಿಲ್ಲದ ಎಳೆಗಿಡವನ್ನು ಸಗಣಿ, ಮಣ್ಣಿನ ಜೊತೆ ಪದರ ಪದರವಾಗಿ ಹಾಕಿ ನಾಲ್ಕೈದು ತಿಂಗಳು ಬಿಟ್ಟರೆ ಒಳ್ಳೆಯ ಗೊಬ್ಬರ. ಸುಡುವುದು ಬೇಡವೇ ಬೇಡ.

ಕೆಲಸ ಶುರು ಮಾಡುವುದು ಗಿಡ ದಟ್ಟವಾಗಿರುವ ನಡುಭಾಗದಿಂದಲ್ಲ. ಅಲ್ಲೊಂದು ಇಲ್ಲೊಂದು ಇರುವ ಅಂಚಿನಿಂದ ಒಳಕ್ಕೆ ಬರಬೇಕು, ಇಲ್ಲದಿದ್ದರೆ ನಡುವನ್ನು ಮುಗಿಸುವ ಹೊತ್ತಿಗೆ ಅಂಚು ಹೊಸ ನೆಲ ಹಿಡಿದಿರುತ್ತದೆ. ಕಿತ್ತ ಜಾಗವನ್ನು ಬೋಳಾಗಿ ಬಿಟ್ಟರೆ ಮೂರು ವಾರದಲ್ಲಿ ಮತ್ತೆ ಅದೇ ಕಥೆ. ಅಲ್ಲಿ ಏನಾದರೂ ಬೆಳೆಯಲೇಬೇಕು. ಇದಕ್ಕೆ ತಗಚೆಯಷ್ಟು ಒಳ್ಳೆಯ ಗಿಡವಿಲ್ಲ. ತುಳುವರು ತಜಂಕ್ ಎಂದೂ ಮರಾಠಿಯವರು ಟಾಕಳಾ ಎಂದೂ ಕರೆದು, ಮೊದಲ ಮಳೆಯ ಚಿಗುರನ್ನು ಪಲ್ಯ ಮಾಡಿ ತಿನ್ನುವ ಅದೇ ಗಿಡ. ಅಕ್ಟೋಬರ್–ನವೆಂಬರ್‌ನಲ್ಲಿ ಕೋಡು ಕಂದಾದಾಗ ಬೀಜ ಕೂಡಿಸಿಟ್ಟು, ಮೇ ಕೊನೆಯಲ್ಲಿ ಮರಳಿನ ಜೊತೆ ಉಜ್ಜಿ ಚೆಲ್ಲಿದರೆ ಸಾಕು. ಸಿಪ್ಪೆ ಗಟ್ಟಿ, ಉಜ್ಜದಿದ್ದರೆ ಮೊಳಕೆ ಹಿಂದುಮುಂದಾಗುತ್ತದೆ. ಪಾರ್ಥೇನಿಯಂ ಸಸಿಗಳ ಮೇಲೆ ನೆರಳು ಮಾಡಿ ಅವುಗಳನ್ನು ಮೇಲೇಳಗೊಡುವುದಿಲ್ಲ.

ಎಲೆ ತಿನ್ನುವ ಹುಳದ ಬಗ್ಗೆ ಹಲವರು ಕೇಳುತ್ತಾರೆ. ಜೈಗೊಗ್ರಾಮಾ ಎಂಬ ಈ ಜೀರುಂಡೆಯನ್ನು ಮೆಕ್ಸಿಕೊದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೆರೆ, ಉದ್ದ ಆರು ಮಿಲಿಮೀಟರ್ ಆಸುಪಾಸು. ಮಳೆಗಾಲದಲ್ಲಿ ಗಿಡಗಳನ್ನು ಬೋಳಿಸುತ್ತದೆ, ಚಳಿ ಬಂತೆಂದರೆ ಮಣ್ಣಿಗಿಳಿದು ಮಲಗುತ್ತದೆ. ಕಂಡರೆ ಕೊಲ್ಲಬೇಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅದರ ಸಂಖ್ಯೆ ಏರುವ ಹೊತ್ತಿಗೆ ಜೂನ್‌ನ ಗಿಡಗಳು ಬೀಜ ಉದುರಿಸಿ ಮುಗಿಸಿರುತ್ತವೆ.

ಲೀಟರಿಗೆ 200 ಗ್ರಾಂ ಉಪ್ಪು ಕರಗಿಸಿ ಸಿಂಪಡಿಸಿದರೆ ಗಿಡ ಸಾಯುವುದು ನಿಜ. ಪೇವರ್ ಬ್ಲಾಕಿನ ಸಂದಿಗೆ ಅದು ನಡೆಯುತ್ತದೆ. ಮರದ ಪಾತಿ, ತೋಟದ ಮಣ್ಣಿನ ಹತ್ತಿರ ಬೇಡ, ಉಪ್ಪು ಹೋಗುವುದಿಲ್ಲ. ಗ್ಲೈಫೊಸೇಟ್ ಎಂಬ ಕಳೆನಾಶಕದ ಕಡೆ ಕೈ ಹಾಕುವ ಮುನ್ನ ಒಂದು ವಿಷಯ ತಿಳಿದಿರಲಿ: 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸಿ ಆದೇಶ ಹೊರಡಿಸಿತು.

ಕಾನೂನಿನ ಮಾತು ಬಂತು. ಕರ್ನಾಟಕ 1975ರಲ್ಲೇ ಪಾರ್ಥೇನಿಯಂ ಅನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು. ಇಂಥ ಘೋಷಣೆಯಾದರೆ ಗಿಡ ತೆಗೆಯುವುದು ಜಮೀನಿನ ಒಡೆಯನ ಕರ್ತವ್ಯವಾಗುತ್ತದೆ. ಹಾಗಿದ್ದರೂ ಬೆಳಗಾವಿಯಿಂದ ಕೊಲ್ಹಾಪುರದವರೆಗೆ ರಸ್ತೆಯ ಎರಡೂ ಬದಿ ಈ ಗಿಡವೇ. ಘೋಷಣೆ ತಡವಾದಷ್ಟೂ ಅದರ ಬಲ ಕಡಿಮೆ. ಸಾವಿರ ಗಿಡ ಇದ್ದಾಗ ನೋಟಿಸು ಕೆಲಸ ಮಾಡುತ್ತದೆ, ದೇಶಕ್ಕೆ ದೇಶವೇ ಹಬ್ಬಿದ ಮೇಲೆ ಯಾರಿಗೆಂದು ನೋಟಿಸು ಕೊಡುವುದು? ಅದಕ್ಕೇ ಬಂದರಿನಲ್ಲಿ ತಡೆಯುವ ವ್ಯವಸ್ಥೆ ಬೇರೆ ಇದೆ. 2003ರ ಸಸ್ಯ ಸಂಪರ್ಕನಿಷೇಧ (ಕ್ವಾರಂಟೈನ್) ಆದೇಶದಲ್ಲಿ ಒಳಗೆ ಬಿಡಬಾರದ ಕಳೆಗಳದೇ ಒಂದು ಪಟ್ಟಿ ಇದೆ, ಆಮದಾಗುವ ಕಾಳಿನಲ್ಲಿ ಅವುಗಳ ಬೀಜ ಹುಡುಕುತ್ತಾರೆ.

ಪಟ್ಟಿ ಊರೂರಿಗೆ ಬದಲಾಗುತ್ತದೆ. ಮುಂಬೈ ಮಾರುಕಟ್ಟೆಗಳಲ್ಲಿ ಕಟ್ಟು ಕಟ್ಟಿ ಮಾರುವ ನಾಳಿ ಭಾಜಿ, ಕೆರೆಯಂಚಿನ ಆ ಬಳ್ಳಿ ಸೊಪ್ಪು, ಅಮೆರಿಕದ ಕೇಂದ್ರ ಸರ್ಕಾರದ ಹಾನಿಕಾರಕ ಕಳೆಗಳ ಪಟ್ಟಿಯಲ್ಲಿದೆ. ಫ್ಲೋರಿಡಾದ ಬೆಚ್ಚಗಿನ ಕಾಲುವೆಗಳಲ್ಲಿ ಅದು ನೀರನ್ನೇ ಮುಚ್ಚಿಬಿಡುತ್ತದೆ, ಇಲ್ಲಿ ಅದನ್ನು ತಿನ್ನುವ ಬಾಯಿ, ಹುಳು, ದನ ಎಲ್ಲ ಇವೆ. ನಮಗೆ ಆ ಪಾಡು ತಂದದ್ದು ಅಮೆಜಾನಿನ ಜಲಪರ್ಣಿ, ಅಂದರೆ ವಾಟರ್ ಹಯಸಿಂತ್. ಪವನಾ, ಮುಳಾ, ಇಂದ್ರಾಯಣಿ ನದಿಗಳ ಮೇಲೆ ಬೇಸಿಗೆಯಲ್ಲಿ ಹಸಿರು ಚಾಪೆ ಹಾಸುವ ಅದು ಕೊಳಚೆ ನೀರು ಸಿಕ್ಕರೆ ಒಂದೆರಡು ವಾರದಲ್ಲಿ ಎರಡರಷ್ಟಾಗುತ್ತದೆ. ಬಂಗಾಳದಲ್ಲಿ 1936ರಲ್ಲೇ ಅದರ ಮೇಲೆ ಪ್ರತ್ಯೇಕ ಕಾಯ್ದೆ ಬಂದಿತ್ತು. ಎಷ್ಟು ಎತ್ತಿದರೂ, ನದಿಗೆ ಕೊಳಚೆ ಬಿಡುವುದು ನಿಲ್ಲದೆ ಅದು ಹೋಗದು.

ಇನ್ನೊಂದು ತುದಿಯಲ್ಲಿ ಜೇಕು ಇದೆ. ಗದ್ದೆ, ಹುಲ್ಲುಹಾಸು ಮಾಡಿದವರಿಗೆಲ್ಲ ಅದರ ಗಡ್ಡೆಯ ಸರಪಳಿ ಗೊತ್ತು, ತೋಟದವರಿಗೆ ಅದಕ್ಕಿಂತ ದೊಡ್ಡ ವೈರಿಯಿಲ್ಲ. ಆದರೂ ಅದು ಯಾರ ಉಸಿರನ್ನೂ ಕಟ್ಟಿಸುವುದಿಲ್ಲ, ಕಾಡಿಗೆ ನುಗ್ಗುವುದಿಲ್ಲ. ನಮ್ಮಲ್ಲಿ ಅದನ್ನು ಹಟಮಾರಿ ಕಳೆ ಅನ್ನಬಹುದು, ಪೀಡೆಯ ಸಾಲಿಗೆ ಸೇರಿಸಲಾರೆ. ಗೋವಾದ ಗೋಡಂಬಿ ತೋಟಗಳ ಕಮ್ಯುನಿಸ್ಟ್ ಗಿಡ (ಕ್ರೊಮೊಲೇನಾ ಎಂಬ ಪೊದೆ) ಮಾತ್ರ ಪಕ್ಕಾ ಪೀಡೆ. ಚಳಿಗಾಲದಲ್ಲಿ ಹೂ, ಆಮೇಲೆ ಗಾಳಿಯಲ್ಲಿ ತೇಲುವ ಬೀಜ, ಬೇಸಿಗೆಯಲ್ಲಿ ಒಣಗಿದ ಕಾಂಡಕ್ಕೆ ಬೆಂಕಿ. ಅಲ್ಲಿ ತೋಟ ಮಾಡಿದವರು ನವೆಂಬರ್ ಒಳಗೆ ಬುಡ ಅಗೆದು ತೆಗೆಯಬೇಕು, ಸವರಿದರೆ ಮತ್ತೆ ಚಿಗುರುತ್ತದೆ.

ಪುಣೆಯಲ್ಲಿ ಈಗ ನನಗೆ ಹೆಚ್ಚು ಆತಂಕ ತರುವುದು ಟೇಕಡಿಗಳ (ಗುಡ್ಡಗಳ) ಮೇಲಿನ ಕಾಸ್ಮಾಸ್. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಳದಿ ಕಿತ್ತಳೆ ಹೂ ನೋಡಿ ಜನ ಫೋಟೊ ತೆಗೆದು, ಬೀಜ ತಂದು ಬಾಲ್ಕನಿಯಲ್ಲಿ ಬಿತ್ತುತ್ತಾರೆ. ಇದೂ ಮೆಕ್ಸಿಕೊ ಕಡೆಯದು, ಇದೂ ಬೀಜದ ಮಳೆ ಸುರಿಸುತ್ತದೆ. ಅದು ಹಬ್ಬಿದ ಕಡೆ ಸ್ಥಳೀಯ ಹುಲ್ಲು, ಪುಟ್ಟ ಮಳೆಗಾಲದ ಹೂಗಳಿಗೆ ಜಾಗವಿಲ್ಲ. ಬೀಜದುಂಡೆಗಳಲ್ಲಿ ಇದನ್ನು ಸೇರಿಸುವುದನ್ನು ದಯವಿಟ್ಟು ನಿಲ್ಲಿಸಿ. ಲಂಟಾನ ಕೂಡ ಅಂದದ ಬೇಲಿಗೆಂದೇ ಬಂದದ್ದು.

ಕೊನೆಯದಾಗಿ, ಕಳೆಯ ಬೀಜ ಹೆಚ್ಚಾಗಿ ಮನೆಗೆ ಬರುವುದು ಗಾಳಿಯಲ್ಲಲ್ಲ, ಕೊಂಡ ಕೆಂಪು ಮಣ್ಣು ಮತ್ತು ಸಗಣಿ ಗೊಬ್ಬರದ ಚೀಲದಲ್ಲಿ. ಚೀಲ ಬಂದೊಡನೆ ಒಂದು ಟ್ರೇಯಲ್ಲಿ ಎರಡು ಇಂಚು ಹರವಿ, ಬಿಸಿಲು ಬೀಳುವಲ್ಲಿ ಹದಿನೈದು ದಿನ ತೇವವಾಗಿಡಿ. ಗಜ್ಜರಿ ಎಲೆಯಂತೆ ಸೀಳಿದ ಎಲೆಯ ಸಸಿ ಎದ್ದರೆ ಆ ಮಣ್ಣಿನ ಮೂಲ ಬದಲಿಸಿ. ಸೊಸೈಟಿಯಲ್ಲಿ ತೋಟದ ಗುತ್ತಿಗೆ ಕೊಡುವವರು ಕರಾರಿನಲ್ಲಿ ‘ಕಳೆ ಕತ್ತರಿಸುವುದು’ ಎಂದು ಬರೆಸದೆ ‘ಹೂ ಬರುವ ಮೊದಲು ಬೇರು ಸಮೇತ ಕೀಳುವುದು, ಜೂನ್ ಕೊನೆಯಿಂದ ಅಕ್ಟೋಬರ್ ತನಕ ಮೂರು ವಾರಕ್ಕೊಮ್ಮೆ’ ಎಂದು ಬರೆಸಿ, ಅದೇ ಕರಾರು ಕನಿಷ್ಠ ಮೂರು ಮಳೆಗಾಲಕ್ಕೆ ಇರಲಿ.